ಮೊಳೆ ತೂತು ಮುಚ್ಚಿ ಗೋಡೆಯನ್ನು ಬಣ್ಣಕ್ಕೆ ಸಿದ್ಧ ಮಾಡಿದ ಕೆಲಸದ ವಿವರ

ಗೋಡೆ 12 ಅಡಿ ಅಗಲ, 10 ಅಡಿ ಎತ್ತರ. ಇಟ್ಟಿಗೆಯ ಮೇಲೆ ಸಿಮೆಂಟ್ ಪ್ಲಾಸ್ಟರ್, ಅದರ ಮೇಲೆ ಒಂದೆರಡು ಮಿಲಿಮೀಟರ್ ಪುಟ್ಟಿ (ಗೋಡೆ ನುಣುಪು ಮಾಡುವ ಲೇಪ), ಅದಕ್ಕೆ ಎಮಲ್ಷನ್ ಎಂಬ ನೀರಿನ ಬಣ್ಣ. ಪಟ, ಗಡಿಯಾರ, ಪರದೆ ಕಂಬಿ ಎಲ್ಲ ಇಳಿಸಿ ಎಣಿಸಿದಾಗ ಸಿಕ್ಕಿದ್ದು: ಸಾಮಾನ್ಯ ಮೊಳೆ ತೂತು 24, ಎಂಟು ಮಿಲಿಮೀಟರ್ ಬಿಟ್‌ನಲ್ಲಿ ಕೊರೆದು, ಸ್ಕ್ರೂ ಹಿಡಿಯಲು ಪ್ಲಾಸ್ಟಿಕ್ ಪ್ಲಗ್ ಕೂರಿಸಿದ ತೂತು 6, ಮೊಳೆ ಹೊಡೆಯುವಾಗ ಪ್ಲಾಸ್ಟರ್ ಚಕ್ಕೆ ಎದ್ದುಹೋದ ಗುಳಿ 2.

ತೂತಿಗೆ ಪುಟ್ಟಿ ತುಂಬಲು ಯಾರಿಗಾದರೂ ಬರುತ್ತದೆ. ಆದರೂ ಬಣ್ಣ ಒಣಗಿದ ಮೇಲೆ ಆ ಜಾಗ ಮತ್ತೆ ಎದ್ದು ಕಾಣುತ್ತದೆ ಎನ್ನುವ ದೂರು ತಪ್ಪಿಲ್ಲ. ಹೀಗಾಗುವುದು ಬಹುತೇಕ ಮೂರೇ ಕಾರಣಕ್ಕೆ. ತೂತಿನ ಬಾಯಿ ಸುತ್ತ ಎದ್ದ ಏಣನ್ನು ತೆಗೆಯದೆ ಪುಟ್ಟಿ ಹಚ್ಚಿರುತ್ತಾರೆ; ತುಂಬಿದ ಮಾಲು ಒಣಗುತ್ತ ಕುಗ್ಗಿರುತ್ತದೆ; ಪುಟ್ಟಿ ಹಚ್ಚಿದ ಜಾಗ ಸುತ್ತಲಿನ ಗೋಡೆಗಿಂತ ಹೆಚ್ಚು ಬಣ್ಣ ಹೀರಿರುತ್ತದೆ. ಕೆಳಗಿನ ಕೆಲಸವೆಲ್ಲ ಈ ಮೂರನ್ನು ತಡೆಯುವುದಕ್ಕೇ. ತುಂಬುವ ಹೊತ್ತು ಕಡಿಮೆ, ಅದರ ಹಿಂದುಮುಂದಿನ ಹೊತ್ತೇ ಹೆಚ್ಚು.

ಗುರುತು ಹಾಕುವಾಗ ಬಾಲ್ ಪೆನ್ನು, ಮಾರ್ಕರ್ ಬಳಸಬೇಡಿ. ಅವುಗಳ ಶಾಯಿ ನೀರಿನ ಬಣ್ಣದೊಳಗೆ ಕರಗಿ ಮೇಲಕ್ಕೆ ಬರುತ್ತದೆ, ಎರಡು ಕೋಟ್ ಹೊಡೆದರೂ ಮಾಸಲಾಗಿ ಇಣುಕುತ್ತದೆ. ತೂತಿನ ಪಕ್ಕ ಮಾಸ್ಕಿಂಗ್ ಟೇಪಿನ ಚೂರು ಅಂಟಿಸಿದರೆ ಸಾಕು. ಕೋಣೆಯ ದೀಪ ಆರಿಸಿ, ಟಾರ್ಚನ್ನು ಗೋಡೆಗೆ ಒರಗಿಸಿದಂತೆ ಹಿಡಿದು ಬೆಳಕನ್ನು ಅಡ್ಡಡ್ಡ ಹಾಯಿಸಿ ನೋಡಿದರೆ, ನೇರವಾಗಿ ನೋಡುವಾಗ ಕಾಣದ ಹಳೆಯ ಉಬ್ಬುತಗ್ಗುಗಳೂ ನೆರಳು ಬಿಟ್ಟು ತೋರುತ್ತವೆ. ಹಿಂದೆ ಯಾರೋ ಅರೆಬರೆ ಮುಚ್ಚಿದ್ದ ತೂತುಗಳು ಸಿಗುವುದು ಆಗಲೇ. ಅವಕ್ಕೂ ಟೇಪ್ ಬೀಳಲಿ.

ಮೊಳೆ, ಪ್ಲಗ್ ಕೀಳುವುದು

ಮೊಳೆಯನ್ನು ಸುತ್ತಿಗೆಯ ಕೊಕ್ಕಿನಿಂದ ಒಮ್ಮೆಗೇ ಎತ್ತಿದರೆ ಸುತ್ತಿಗೆಯ ತಲೆ ಪ್ಲಾಸ್ಟರಿಗೆ ಒತ್ತಿ ಇನ್ನೊಂದು ಗುಳಿ ಬೀಳುತ್ತದೆ. ತಲೆಯ ಕೆಳಗೆ ತೆಳು ಹಲಗೆ ಚೂರು ಅಥವಾ ದಪ್ಪ ರಟ್ಟು ಇಡಬೇಕು. ತುಕ್ಕು ಹಿಡಿದ ಮೊಳೆಯಾದರೆ ಮೊದಲು ಇಕ್ಕಳದಲ್ಲಿ ಹಿಡಿದು ಅದರ ಅಕ್ಷದ ಮೇಲೆಯೇ ಅತ್ತಿತ್ತ ತಿರುಗಿಸಿ. ತುಕ್ಕಿನ ಹಿಡಿತ ಬಿಡುತ್ತದೆ. ಆಮೇಲೆ ಮೊಳೆ ಯಾವ ಓರೆಯಲ್ಲಿ ಒಳಹೋಗಿದೆಯೋ ಅದೇ ಓರೆಯಲ್ಲಿ ಎಳೆಯಬೇಕು. ಮೇಲೆ ಕೆಳಗೆ ಅಲ್ಲಾಡಿಸಿದರೆ ಒಳಗಿನ ಪ್ಲಾಸ್ಟರ್ ಪುಡಿಯಾಗಿ ಐದು ಮಿಲಿಮೀಟರಿನ ತೂತು ಹದಿನೈದಾಗುತ್ತದೆ.

ಮುರಿದು ಒಳಗೇ ಉಳಿದ ಮೊಳೆ ಬಾರದಿದ್ದರೆ ಅದಕ್ಕಾಗಿ ಗೋಡೆ ಅಗೆಯುವುದು ಬೇಡ. ಪಂಚ್ (ಮೊಂಡು ತುದಿಯ ಉಕ್ಕಿನ ಕಡ್ಡಿ) ಇಟ್ಟು ಮೇಲ್ಮೈಯಿಂದ ನಾಲ್ಕೈದು ಮಿಲಿಮೀಟರ್ ಒಳಕ್ಕೆ ಹೊಡೆದು, ತುದಿಗೆ ಎಣ್ಣೆ ಆಧಾರದ ಮೆಟಲ್ ಪ್ರೈಮರ್ (ಲೋಹಕ್ಕೆ ಬಣ್ಣದ ಮುಂಚೆ ಹಚ್ಚುವ ತಳಲೇಪ) ಒಂದು ತೊಟ್ಟು ಹಚ್ಚಿ, ಪೂರ್ತಿ ಒಣಗಲು ಬಿಡಿ. ಈ ತೊಟ್ಟು ತಪ್ಪಿಸಿದರೆ ಪುಟ್ಟಿಯಲ್ಲಿರುವ ನೀರೇ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ಕೆಲವು ವಾರಗಳಲ್ಲಿ ಹೊಸ ಬಣ್ಣದ ಮೇಲೆ ಕಂದು ಚುಕ್ಕೆ ಮೂಡುತ್ತದೆ. ಅದರ ಮೇಲೆ ಎಮಲ್ಷನ್ ಎಷ್ಟು ಸಲ ಹೊಡೆದರೂ ಚುಕ್ಕೆ ಮರೆಯಾಗದು.

ಪ್ಲಾಸ್ಟಿಕ್ ಪ್ಲಗ್‌ಗೆ ಅದರದೇ ಸ್ಕ್ರೂವನ್ನು ಮೂರು ನಾಲ್ಕು ಸುತ್ತು ಮಾತ್ರ ಹತ್ತಿಸಿ ಇಕ್ಕಳದಲ್ಲಿ ನೇರ ಎಳೆಯಿರಿ. ಪೂರ್ತಿ ಹತ್ತಿಸಿದರೆ ಪ್ಲಗ್ ಒಳಗೆ ಅರಳಿಕೊಂಡು ಇನ್ನಷ್ಟು ಬಿಗಿಯಾಗುತ್ತದೆ. ಈ ಗೋಡೆಯ ಆರರಲ್ಲಿ ನಾಲ್ಕು ಹೀಗೆ ಬಂದವು. ಬಾರದ ಎರಡರ ಅಂಚನ್ನು ಬ್ಲೇಡಿನಿಂದ ಕತ್ತರಿಸಿ, ಉಳಿದದ್ದನ್ನು ಐದು ಮಿಲಿಮೀಟರ್ ಒಳಕ್ಕೆ ತಳ್ಳಿದ್ದಾಯಿತು. ಒಳಗೆ ಪ್ಲಾಸ್ಟಿಕ್ ಉಳಿದರೆ ತೊಂದರೆಯಿಲ್ಲ, ಅದು ಮೇಲ್ಮೈಗೆ ಸಮನಾಗಿ ಉಳಿಯಬಾರದು ಅಷ್ಟೆ. ಪ್ಲಾಸ್ಟಿಕ್ಕಿಗೆ ಪುಟ್ಟಿ ಕಚ್ಚುವುದಿಲ್ಲ, ತೆಳು ಪದರ ಚಕ್ಕೆಯಾಗಿ ಉದುರುತ್ತದೆ.

ಒಂದು ಎಚ್ಚರಿಕೆ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ, ಪಕ್ಕಕ್ಕೆ ಇರುವ ತೂತುಗಳನ್ನು ಸ್ಕ್ರೂಡ್ರೈವರ್ ಹಾಕಿ ಕೆದಕುವ ಮುಂಚೆ ಆ ಕೋಣೆಯ ವಿದ್ಯುತ್ತನ್ನು ಎಂಸಿಬಿಯಲ್ಲಿ (ಮನೆಯ ವಿದ್ಯುತ್ ಫಲಕದ ಸ್ವಿಚ್ಚಿನಲ್ಲಿ) ತೆಗೆಯಿರಿ. ಗೋಡೆಯೊಳಗಿನ ವೈರಿನ ಪೈಪು ಸಾಮಾನ್ಯವಾಗಿ ಓಡುವುದು ಆ ಗೆರೆಗಳಲ್ಲೇ.

ತೂತಿನ ಬಾಯಿ

ಮೊಳೆ ಒಳಗೆ ಹೋಗುವಾಗ ಪ್ಲಾಸ್ಟರಿಗೆ ಜಾಗ ಬಿಡಲೇಬೇಕು. ಅದರಲ್ಲಿ ಒಂದು ಪಾಲು ಹೊರಕ್ಕೆ ತಳ್ಳಿಸಿಕೊಂಡು ಬಾಯಿ ಸುತ್ತ ಸಣ್ಣ ಏಣಾಗಿ ನಿಲ್ಲುತ್ತದೆ. ಮೊಳೆ ಕೀಳುವಾಗ ಅದು ಇನ್ನಷ್ಟು ಏಳುತ್ತದೆ. ಕಣ್ಣಿಗೆ ಕಾಣದಿದ್ದರೂ ಬೆರಳಾಡಿಸಿದರೆ ಗೊತ್ತಾಗುತ್ತದೆ. ಈ ಏಣು ಇದ್ದಂತೆಯೇ ಪುಟ್ಟಿ ಹಚ್ಚಿದರೆ ಬ್ಲೇಡು ಏಣಿನ ಮೇಲೆ ಹತ್ತಿ ಇಳಿಯುತ್ತದೆ, ಸುತ್ತ ಉಬ್ಬು ಉಳಿಯುತ್ತದೆ. ಎಷ್ಟು ಉಜ್ಜಿದರೂ ಉಬ್ಬು ಹೋಗದು. ಏಕೆಂದರೆ ಅದು ಪುಟ್ಟಿಯದಲ್ಲ, ಗಟ್ಟಿ ಪ್ಲಾಸ್ಟರಿನದು.

ಆದ್ದರಿಂದ ತುಂಬುವ ಮುನ್ನ ಚೂಪು ಕಟರ್ ಬ್ಲೇಡಿನಿಂದ ಬಾಯಿ ಸುತ್ತ ಒಳಮುಖ ಓರೆಯಾಗಿ ಒಂದು ಸುತ್ತು ಕೊಯ್ಯಿರಿ. ಸಡಿಲ ಬಣ್ಣದ ಪೊರೆ, ಪುಟ್ಟಿ ಚೂರು, ಏಣು ಒಟ್ಟಿಗೇ ಹೋಗುತ್ತವೆ. ಬಾಯಿ ಮೊದಲಿಗಿಂತ ಎರಡು ಮೂರು ಮಿಲಿಮೀಟರ್ ಹೆಚ್ಚು ಅಗಲವಾಗುತ್ತದೆ, ಅದೇ ಬೇಕಾದದ್ದು. ಹಾಗೆ ತೆರೆದ ಬಾಯಿಗೆ ಪುಟ್ಟಿ ಆಳಕ್ಕೆ ಇಳಿಯುತ್ತದೆ, ಅಂಚಿಗೆ ಹಿಡಿತ ಸಿಗುತ್ತದೆ. ಬರೀ ಸಣ್ಣ ಪಿನ್ನಿನ ತೂತಾದರೆ ಕೊಯ್ಯುವುದು ಬೇಡ, ಸ್ಕ್ರೂಡ್ರೈವರಿನ ಹಿಡಿಯ ತುದಿಯಿಂದ ಒಮ್ಮೆ ಒತ್ತಿ ತಿರುಗಿಸಿದರೆ ಏಣು ಒಳಕ್ಕೆ ಕೂರುತ್ತದೆ.

ಚಕ್ಕೆ ಎದ್ದ ಗುಳಿಗಳಲ್ಲಿ ಸುತ್ತಲಿನ ಪ್ಲಾಸ್ಟರನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬರುವಷ್ಟು ಭಾಗವನ್ನು ಕೆತ್ತಿ ತೆಗೆಯಲೇಬೇಕು. ಬಿಟ್ಟರೆ ಹೊಸ ಪುಟ್ಟಿ ಅಲುಗುವ ಚಕ್ಕೆಗೆ ಅಂಟಿಕೊಂಡಿರುತ್ತದೆ, ಚಕ್ಕೆಯ ಜೊತೆಗೇ ಬೀಳುತ್ತದೆ. ಈ ಗೋಡೆಯ ಒಂದು ಗುಳಿ ಹೀಗೆ ತೆಗೆದ ಮೇಲೆ 30 ಮಿ.ಮೀ ಅಗಲ, 10 ಮಿ.ಮೀ ಆಳಕ್ಕೆ ನಿಂತಿತು.

ದೂಳು ತೆಗೆಯುವುದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಮುಚ್ಚಿದ ತೂತಿನ ಸುತ್ತ ಉಂಗುರದಂತೆ ಬಿರುಕು ಬಿಡುವುದಕ್ಕೆ ಮುಖ್ಯ ಕಾರಣ ಇದೇ. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ತೂತಿನೊಳಗೆ ತಿರುಗಿಸಿ ತೆಗೆಯಿರಿ. ಆಳದ ಪ್ಲಗ್ ತೂತಿಗೆ ರಬ್ಬರ್ ಬಲ್ಬಿನ ಗಾಳಿ ಒಳ್ಳೆಯದು. ಬಾಯಿಂದ ಊದಬೇಡಿ, ದೂಳು ನೇರ ಕಣ್ಣಿಗೆ ಬರುತ್ತದೆ.

ಗೋಡೆಗೆ ಸುಣ್ಣ ಅಥವಾ ಡಿಸ್ಟೆಂಪರ್ ಹೊಡೆದಿದ್ದರೆ ಅಂಗೈಯಿಂದ ಒರೆಸಿ ನೋಡಿ. ಕೈಗೆ ಪುಡಿ ಹತ್ತಿದರೆ ತೂತಿನ ಸುತ್ತ ಎರಡು ಅಂಗುಲ ಕೆರೆದು ಗಟ್ಟಿ ನೆಲೆ ಕಾಣಿಸಿಕೊಳ್ಳಬೇಕು. ಪುಡಿಯ ಮೇಲೆ ಯಾವ ಪುಟ್ಟಿಯೂ ನಿಲ್ಲದು.

ಯಾವ ಮಾಲು

ಸಿಮೆಂಟ್ ಪ್ಲಾಸ್ಟರಿಗೆ ಬಿಳಿ ಸಿಮೆಂಟ್ ಆಧಾರದ ವಾಲ್ ಪುಟ್ಟಿ ಪುಡಿ ಹೊಂದುತ್ತದೆ. ಗಟ್ಟಿಯಾಗಿ ಕೂರುತ್ತದೆ, ಸ್ವಲ್ಪ ತೇವ ತಡೆಯುತ್ತದೆ. ಡಬ್ಬಿಯಲ್ಲಿ ಸಿದ್ಧವಾಗಿ ಬರುವ ಅಕ್ರಿಲಿಕ್ ಪುಟ್ಟಿ ಸಣ್ಣ ತೂತುಗಳಿಗೆ ಸಲೀಸು, ಉಜ್ಜಲು ಹಗುರ. ಆದರೆ ಅದು ಗಟ್ಟಿಯಾಗುವುದು ನೀರು ಆರಿಹೋಗುವುದರಿಂದ; ಹೋದ ನೀರಿನ ಜಾಗದಷ್ಟೂ ಕುಗ್ಗುತ್ತದೆ. ಹಾಗಾಗಿ ಒಂದು ಪದರ ಎರಡು ಮೂರು ಮಿಲಿಮೀಟರ್ ಮೀರಬಾರದು. ತೂತು ತುಂಬಲೆಂದೇ ಬರುವ, ತೀರ ಹಗುರವಾದ ಸ್ಪ್ಯಾಕಲ್ ಪೇಸ್ಟು ಕಡಿಮೆ ಕುಗ್ಗುತ್ತದೆ, ಆದರೆ ಮೆತ್ತಗಿರುವುದರಿಂದ ಉಜ್ಜುವಾಗ ಬೇಗ ತಗ್ಗು ಬೀಳುತ್ತದೆ.

ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್, ಜಿಪ್ಸಮ್ಮಿನಿಂದ ಮಾಡಿದ ಪುಡಿ) ಬೇಗ ಸೆಟ್ ಆಗುತ್ತದೆ, ಹತ್ತು ಹದಿನೈದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ ಎಂದು ಅದನ್ನು ಮೆಚ್ಚುವವರಿದ್ದಾರೆ. ಒಣಗಿದ ಒಳಗೋಡೆಗೆ, ಜಿಪ್ಸಮ್ ಪ್ಲಾಸ್ಟರಿಗೆ ಅದು ಸರಿ. ಹೆಪ್ಪುಗಟ್ಟುವಾಗ ಕುಗ್ಗುವ ಬದಲು ತುಸು ಹಿಗ್ಗುತ್ತದೆ ಎಂಬುದೂ ಒಂದು ಅನುಕೂಲ. ತೇವ ಬರುವ ಸಿಮೆಂಟ್ ಗೋಡೆಗೆ ಮಾತ್ರ ಅದು ಬೇಡ. ನೀರು ಮುಟ್ಟಿದರೆ ಜಿಪ್ಸಮ್ ಮೆತ್ತಗಾಗುತ್ತದೆ. ಮೇಲಾಗಿ ಅದರ ಸಲ್ಫೇಟು ಸಿಮೆಂಟಿನ ಅಲ್ಯೂಮಿನೇಟಿನೊಂದಿಗೆ ಸೇರಿ ಉಬ್ಬುವ ಹರಳುಗಳಾಗಿ ಒಳಗಿಂದ ಒಡೆಯುತ್ತದೆ.

ಟೂತ್‌ಪೇಸ್ಟು, ಸೋಪು, ಸೀಮೆಸುಣ್ಣ ಇವುಗಳಿಂದ ತೂತು ಮುಚ್ಚುವ ರೂಢಿ ಬಿಡಬೇಕು. ಟೂತ್‌ಪೇಸ್ಟು ಒಣಗಿ ಕುಗ್ಗುತ್ತದೆ, ನೀರು ತಾಗಿದರೆ ಮತ್ತೆ ಕರಗುತ್ತದೆ. ಬಣ್ಣದಲ್ಲಿರುವುದೂ ನೀರೇ. ಸೋಪಿನ ಮೇಲೆ ಬಣ್ಣ ಹಿಡಿಯುವುದೇ ಇಲ್ಲ. ಹೀಗೆ ಮುಚ್ಚಿದ ತೂತು ಸಿಕ್ಕರೆ ಪೂರ್ತಿ ಕೆದಕಿ ತೊಳೆದು ಹೊಸದಾಗಿ ತುಂಬುವುದೇ ದಾರಿ.

ಮಾಲು ಎಷ್ಟು ಬೇಕು? ಐದು ಮಿಲಿಮೀಟರ್ ಬಾಯಿ, 25 ಮಿ.ಮೀ ಆಳದ ಒಂದು ಮೊಳೆ ತೂತಿಗೆ ಅರ್ಧ ಮಿಲಿಲೀಟರ್ ಹಿಡಿಯುತ್ತದೆ. 8 ಮಿ.ಮೀ ಅಗಲ, 40 ಮಿ.ಮೀ ಆಳದ ಪ್ಲಗ್ ತೂತಿಗೆ ಎರಡು ಮಿಲಿಲೀಟರ್. ಮೇಲೆ ಹೇಳಿದ ಗುಳಿ ಒಳಕ್ಕೆ ಹೋದಂತೆ ಕಿರಿದು, ಅದಕ್ಕೆ ಎರಡೂವರೆಗೆ ಸ್ವಲ್ಪ ಕಡಿಮೆ. ಇಡೀ ಗೋಡೆಗೆ 30 ಮಿಲಿಲೀಟರ್ ಆಯಿತು. ಮೇಲೆ ಎಳೆಯುವುದು, ಪೋಲಾಗುವುದು ಸೇರಿಸಿದರೆ 60. ಅಂದರೆ 100 ಗ್ರಾಂ ಪುಡಿ ಧಾರಾಳ. ಒಂದು ಗೋಡೆಯ ತೂತಿಗಾಗಿ ದೊಡ್ಡ ಚೀಲ ತರುವ ಅಗತ್ಯವಿಲ್ಲ. ತೆರೆದಿಟ್ಟ ಪುಡಿ ಗಾಳಿಯ ತೇವ ಹೀರಿ ಗಂಟುಗಟ್ಟುತ್ತದೆ, ಗಂಟುಗಟ್ಟಿದ ಪುಡಿಗೆ ಮತ್ತೆ ಬಲ ಬಾರದು.

ಕಲಸುವುದು, ತುಂಬುವುದು

ಚೀಲದ ಮೇಲೆ ಬರೆದಿರುವ ನೀರಿನ ಪ್ರಮಾಣ ಇಡೀ ಗೋಡೆಗೆ ತೆಳುವಾಗಿ ಎಳೆಯುವ ಹದಕ್ಕೆ. ತೂತಿಗೆ ಅದಕ್ಕಿಂತ ಗಟ್ಟಿ ಬೇಕು. 100 ಗ್ರಾಂ ಪುಡಿಗೆ 30ರಿಂದ 33 ಮಿಲಿಲೀಟರ್ ನೀರು ಹಾಕಿದ್ದು. ಮೊದಲು ನೀರು, ಆಮೇಲೆ ಪುಡಿ. ಪುಡಿಯ ಮೇಲೆ ನೀರು ಸುರಿದರೆ ತಳದಲ್ಲಿ ಒಣ ಗಂಟು ಉಳಿಯುತ್ತದೆ. ಕಲಸಿ ಹತ್ತು ನಿಮಿಷ ಬಿಟ್ಟು, ನೀರು ಸೇರಿಸದೆ ಇನ್ನೊಮ್ಮೆ ಕಲಸಿ. ಬ್ಲೇಡಿನ ಮೇಲೆ ಒಂದು ಉಂಡೆ ಇಟ್ಟು ಬ್ಲೇಡನ್ನು ತಲೆಕೆಳಗು ಮಾಡಿದಾಗ ಬೀಳದಿದ್ದರೆ ಹದ ಸರಿಯಿದೆ. ಒಂದೇ ಸಲಕ್ಕೆ ಎಲ್ಲ ಕಲಸಬೇಡಿ, ಅರ್ಧರ್ಧ ಕಲಸಿ. ಬಿಗಿಯಾಗತೊಡಗಿದ ಮಾಲಿಗೆ ನೀರು ಹಾಕಿ ಮೆತ್ತಗೆ ಮಾಡಿದರೆ ಒಣಗಿದ ಮೇಲೆ ಪುಡಿಯುದುರುತ್ತದೆ.

ತುಂಬುವ ಮುನ್ನ ತೂತನ್ನು ಒದ್ದೆ ಮಾಡಬೇಕು. ಸ್ಪ್ರೇ ಬಾಟಲಿಯಿಂದ ಒಂದೆರಡು ಸಲ ಸಿಂಪಡಿಸಿ, ನೀರು ಹೀರಿಕೊಂಡು ಹೊಳಪು ಮಾಯವಾಗುವ ತನಕ ಕಾಯಿರಿ. ಒಣ ಪ್ಲಾಸ್ಟರು ಪುಟ್ಟಿಯ ನೀರನ್ನು ಕ್ಷಣದಲ್ಲಿ ಎಳೆದುಕೊಳ್ಳುತ್ತದೆ. ಬಿಳಿ ಸಿಮೆಂಟಿಗೆ ಗಟ್ಟಿಯಾಗಲು ಆ ನೀರು ಬೇಕೇ ಬೇಕು. ನೀರು ನಿಂತಿರುವಾಗಲೇ ತುಂಬಿದರೂ ತಪ್ಪು, ಅಂಚಿನಲ್ಲಿ ಮಾಲು ತೆಳ್ಳಗಾಗಿ ಹಿಡಿತ ಬಿಡುತ್ತದೆ.

ಒಂದೂವರೆ ಅಂಗುಲ ಅಗಲದ, ಬಾಗುವ ಪುಟ್ಟಿ ಬ್ಲೇಡು ಸಾಕು. ಅಗಲ ಬ್ಲೇಡಿನಲ್ಲಿ ಒತ್ತಡ ಒಂದೆಡೆ ಕೂರುವುದಿಲ್ಲ. ಮೊದಲ ಎಳೆತದಲ್ಲಿ ಬ್ಲೇಡನ್ನು ಗೋಡೆಗೆ ಮಲಗಿಸಿದಂತೆ ಹಿಡಿದು ಮಾಲನ್ನು ಒಳಕ್ಕೆ ಒತ್ತಬೇಕು, ಎರಡನೆಯದರಲ್ಲಿ ಬ್ಲೇಡನ್ನು ಹೆಚ್ಚುಕಡಿಮೆ ನೆಟ್ಟಗೆ ನಿಲ್ಲಿಸಿ ಹೆಚ್ಚಾದದ್ದನ್ನು ಕೆರೆದು ತೆಗೆಯಬೇಕು. ಎರಡನೆಯ ಎಳೆತ ಮೊದಲನೆಯದಕ್ಕೆ ಅಡ್ಡವಾಗಿರಲಿ. ಒಂದೇ ದಿಕ್ಕಿನಲ್ಲಿ ಎಳೆದರೆ ತೂತಿನ ಒಂದು ಬದಿ ತುಂಬಿ ಇನ್ನೊಂದು ಬದಿ ಬರಿದಾಗುತ್ತದೆ.

ಆಳದ ಪ್ಲಗ್ ತೂತಿಗೆ ಬ್ಲೇಡಿನಿಂದ ನೇರವಾಗಿ ತುಂಬಿದರೆ ಬಾಯಿ ಮುಚ್ಚಿ ಒಳಗೆ ಗಾಳಿ ಉಳಿಯುತ್ತದೆ. ಒಣಗುವಾಗ ಆ ಗಾಳಿಯ ಮೇಲಿನ ಪದರ ಕುಸಿದು ಸೂಜಿಮೊನೆಯಷ್ಟು ಕಂಡಿ ಬೀಳುತ್ತದೆ. ಮಾಲನ್ನು ಕಡ್ಡಿಯಷ್ಟು ಸಣ್ಣಗೆ ಹೊಸೆದು ಒಳಗಿಟ್ಟು, ತೆಳು ಕಡ್ಡಿಯಿಂದ ತಳದವರೆಗೆ ತಳ್ಳುತ್ತ ಬನ್ನಿ. ಕೈಗೆ ರಬ್ಬರ್ ಗ್ಲೌಸ್ ಇರಲಿ, ಸಿಮೆಂಟ್ ಪುಟ್ಟಿಯ ಕ್ಷಾರ ಚರ್ಮ ಸುಡುತ್ತದೆ. ಮೊದಲ ದಿನ ಮೇಲ್ಮೈಗಿಂತ ಎರಡು ಮಿಲಿಮೀಟರ್ ಕೆಳಗೆ ನಿಲ್ಲಿಸಿ. ಉಳಿದದ್ದು ಮರುದಿನಕ್ಕೆ.

ಎರಡು ದೊಡ್ಡ ಗುಳಿಗಳಿಗೆ ಪುಟ್ಟಿಯನ್ನೇ ದಪ್ಪಗೆ ಒತ್ತಿದರೆ ನಡುವೆ ಬಿರುಕು ಖಚಿತ. ಒಂದು ಭಾಗ ಸಿಮೆಂಟಿಗೆ ಮೂರು ಭಾಗ ಜರಡಿ ಹಿಡಿದ ಸಣ್ಣ ಮರಳು ಸೇರಿಸಿದ ಗಾರೆಯನ್ನು ಮೇಲ್ಮೈಗಿಂತ ಮೂರು ಮಿಲಿಮೀಟರ್ ಕೆಳಗಿನವರೆಗೆ ತುಂಬಿ, ಮುಖವನ್ನು ಮೊಳೆಯಿಂದ ಗೀರಿ ಒರಟು ಮಾಡಿ, ಎರಡು ದಿನ ನೀರು ಚಿಮುಕಿಸಿದ್ದಾಯಿತು. ಅದು ಪೂರ್ತಿ ಆರಿದ ಮೇಲೆ ಪುಟ್ಟಿ.

ಒಣಗುವ ತನಕ

ಫ್ಯಾನ್ ಹಾಕಿ ಬೇಗ ಒಣಗಿಸುವ ಆಸೆ ಬೇಡ. ಅಕ್ರಿಲಿಕ್‌ಗೆ ಗಾಳಿ ಸಹಾಯವೇ, ಆದರೆ ಸಿಮೆಂಟ್ ಪುಟ್ಟಿಯ ನೀರು ಬೇಗ ಹೋದರೆ ಅದು ಗಟ್ಟಿಯಾಗುವುದು ಅರ್ಧಕ್ಕೇ ನಿಲ್ಲುತ್ತದೆ. ಒಂದು ರಾತ್ರಿ ಬಿಡಿ, ಮೋಡ ಕವಿದ ತೇವದ ದಿನಗಳಲ್ಲಿ ಇನ್ನೊಂದು ದಿನ. ನಡುಭಾಗ ಸುತ್ತಲಿಗಿಂತ ಕಪ್ಪಾಗಿ ಕಂಡರೆ ಅಥವಾ ಹಿಂಗೈ ತಾಗಿಸಿದಾಗ ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ. ಉಗುರಿನಿಂದ ಗೀರಿದಾಗ ಸಣ್ಣ ಬಿಳಿ ಗೆರೆ ಬಿದ್ದರೆ ಸರಿ. ಪುಡಿ ಪುಡಿಯಾಗಿ ಉದುರಿದರೆ ಅದನ್ನು ಕೆದಕಿ ತೆಗೆದು ಹೊಸದಾಗಿ ತುಂಬಬೇಕು. ಅದರ ಮೇಲೆ ಪ್ರೈಮರ್ ಹಚ್ಚಿ ಗಟ್ಟಿ ಮಾಡುತ್ತೇನೆ ಎನ್ನುವುದು ಆಗದ ಮಾತು.

ಮರುದಿನ ನೋಡಿದರೆ ಹೆಚ್ಚುಕಡಿಮೆ ಎಲ್ಲ ತೂತಿನ ನಡುವೆಯೂ ಸಣ್ಣ ತಗ್ಗು ಇರುತ್ತದೆ. ಇದು ದೋಷವಲ್ಲ, ಮಾಲಿನ ಗುಣ. ಎರಡನೆಯ ಪದರ ಅದಕ್ಕೇ. ಈ ಸಲ ಮಾಲು ಸ್ವಲ್ಪ ತೆಳ್ಳಗಿರಲಿ, ತೂತಿನ ಅಂಚು ದಾಟಿ ಒಂದು ಅಂಗುಲದಷ್ಟು ಸುತ್ತ ಎಳೆದು ಅಂಚಿನಲ್ಲಿ ಇಲ್ಲವೆನ್ನುವಷ್ಟು ಸಣ್ಣಗಾಗಿಸಿ. ದೊಡ್ಡ ಗುಳಿಗಳಿಗೆ ಈ ಸುತ್ತು ಮೂರು ನಾಲ್ಕು ಅಂಗುಲ ಬೇಕು, ಬ್ಲೇಡೂ ಆರು ಅಂಗುಲದ್ದು.

ಉಜ್ಜುವುದು

ಉಪ್ಪು ಕಾಗದವನ್ನು (ಸ್ಯಾಂಡ್ ಪೇಪರ್) ಬೆರಳಿಗೆ ಸುತ್ತಿ ಉಜ್ಜಬಾರದು. ಹಳೆಯ ಬಣ್ಣಕ್ಕಿಂತ ಪುಟ್ಟಿ ಮೆತ್ತಗೆ. ಬೆರಳು ಮೆತ್ತಗಿನ ಕಡೆಯೇ ಇಳಿಯುತ್ತದೆ, ತುಂಬಿದ್ದ ತೂತು ಮತ್ತೆ ಬಟ್ಟಲಾಗುತ್ತದೆ. ಕಾಗದವನ್ನು ಸಮತಲದ ಮರದ ತುಂಡಿಗೆ ಸುತ್ತಿ, ಪುಟ್ಟಿಗಿಂತ ತುಂಡು ದೊಡ್ಡದಿರುವಂತೆ ನೋಡಿಕೊಂಡು, ಮೊದಲು 120, ಆಮೇಲೆ 220 ನಂಬರಿನಲ್ಲಿ ಸುತ್ತುಸುತ್ತಾಗಿ ಉಜ್ಜಿ. ಕೈಭಾರ ಹಾಕಬೇಡಿ. ನಂಬರು ಕಡಿಮೆಯಾದಷ್ಟೂ ಕಾಗದ ಒರಟು; 80 ನಂಬರಿನ ಗೀರು ಎರಡು ಕೋಟ್ ಬಣ್ಣದಡಿಯಲ್ಲೂ ತೋರುತ್ತದೆ, ಅದನ್ನು ದೂರವಿಡಿ.

ಕಣ್ಣಿಗಿಂತ ಬೆರಳ ತುದಿ ಚುರುಕು. ಕಣ್ಣು ಮುಚ್ಚಿ ಅಂಚಿನ ಮೇಲೆ ಬೆರಳಾಡಿಸಿ. ಪುಟ್ಟಿ ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಯಿತು ಎಂದು ತಿಳಿಯದಿದ್ದರೆ ನಿಲ್ಲಿಸಿ. ಆಮೇಲೆ ಟಾರ್ಚನ್ನು ಮತ್ತೆ ಅಡ್ಡಕ್ಕೆ ಹಿಡಿದು ಟೇಪಿನ ಗುರುತುಗಳನ್ನೆಲ್ಲ ಒಂದೊಂದಾಗಿ ನೋಡಿ, ಸರಿಯಾದ ಕಡೆಯ ಟೇಪ್ ಕೀಳುತ್ತ ಹೋಗಿ. ಈ ಗೋಡೆಯಲ್ಲಿ ಐದು ಟೇಪು ಉಳಿದವು, ಆ ಐದಕ್ಕೆ ಇನ್ನೊಂದು ತೆಳು ಪದರ ಬಿತ್ತು.

ಉಜ್ಜುವಾಗ ಎನ್95 ಮಾಸ್ಕ್ ಹಾಕಲೇಬೇಕು, ಕರವಸ್ತ್ರ ಈ ದೂಳನ್ನು ತಡೆಯುವುದಿಲ್ಲ. ತುಂಬ ಹಳೆಯ ಮನೆಯ ಬಣ್ಣದ ಪದರಗಳಲ್ಲಿ ಸೀಸ ಇರಬಹುದು. ಅಂಥಲ್ಲಿ ಒಣಗಿದ್ದನ್ನು ಉಜ್ಜದೆ ನೀರು ಹಿಡಿಯುವ ಕಾಗದದಲ್ಲಿ ಒದ್ದೆಯಾಗಿಯೇ ಉಜ್ಜಿ, ಕೆಸರನ್ನು ಬಟ್ಟೆಯಿಂದ ಒರೆಸಿ ತೆಗೆಯಿರಿ. ಮಕ್ಕಳು ಆ ಕೋಣೆಗೆ ಬಾರದಿರಲಿ.

ಪ್ರೈಮರ್

ಇಲ್ಲಿ ಕೈ ಬಿಗಿ ಹಿಡಿದರೆ ಹಿಂದಿನ ಕೆಲಸವೆಲ್ಲ ವ್ಯರ್ಥ. ಪುಟ್ಟಿ ಹಸಿದ ಮೇಲ್ಮೈ, ಬಣ್ಣದ ದ್ರವವನ್ನು ಒಳಕ್ಕೆ ಹೀರುತ್ತದೆ. ಸುತ್ತಲಿನ ಹಳೆಯ ಎಮಲ್ಷನ್ ಹೀರುವುದಿಲ್ಲ. ಒಂದೇ ಬಣ್ಣ ಎರಡು ಥರ ಒಣಗಿ ಪುಟ್ಟಿಯ ಜಾಗ ಮಂಕಾಗಿ, ಪಕ್ಕದಿಂದ ಬೆಳಕು ಬಿದ್ದಾಗ ಚುಕ್ಕೆಚುಕ್ಕೆಯಾಗಿ ಕಾಣುತ್ತದೆ. ಹೊಳಪಿನ ಬಣ್ಣದಲ್ಲಿ ಇದು ಇನ್ನೂ ಎದ್ದು ತೋರುತ್ತದೆ. ನೀರು ಬೆರೆಸಿ ತೆಳು ಮಾಡಿದ ಅದೇ ಬಣ್ಣ ಪ್ರೈಮರಿನ ಕೆಲಸ ಮಾಡದು.

ಉಜ್ಜಿದ ದೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆರಿದ ಮೇಲೆ ಕ್ಷಾರ ತಡೆಯುವ ನೀರಿನ ಪ್ರೈಮರನ್ನು ಪುಟ್ಟಿಯ ಅಂಚಿನಿಂದ ಒಂದು ಅಂಗುಲ ಆಚೆಗೂ ಹೋಗುವಂತೆ ಹಚ್ಚಿ. ಬ್ರಷ್ಷಿಗಿಂತ ನಾಲ್ಕು ಅಂಗುಲದ ಸಣ್ಣ ರೋಲರ್ ಒಳ್ಳೆಯದು. ಗೋಡೆಯ ಮೇಲೆ ಹಿಂದಿನ ರೋಲರ್ ಬಿಟ್ಟ ಸಣ್ಣ ತರಿ ಇರುತ್ತದೆ, ಬ್ರಷ್ಷಿನ ನುಣುಪು ಗೆರೆ ಅದರೊಂದಿಗೆ ಬೆರೆಯುವುದಿಲ್ಲ. ದೊಡ್ಡ ಗುಳಿಗಳಿಗೆ ಎರಡು ಸಲ ಹಚ್ಚಿದ್ದಾಯಿತು.

ಬಣ್ಣ ಮೂಲೆಯಿಂದ ಮೂಲೆಗೆ ಇಡೀ ಗೋಡೆಗೆ ಹೊಡೆಯುವುದೇ ಒಳ್ಳೆಯದು. ಡಬ್ಬಿಯಲ್ಲಿ ಉಳಿದ ಅದೇ ಬಣ್ಣವಾದರೂ ಗೋಡೆಯ ಮೇಲಿನದು ಬೆಳಕಿಗೆ ಮಾಸಿರುತ್ತದೆ, ತೇಪೆ ಗೊತ್ತಾಗುತ್ತದೆ. ಮ್ಯಾಟ್ ಬಣ್ಣಕ್ಕೆ ಮಾತ್ರ ತೇಪೆ ಅಷ್ಟಿಷ್ಟು ಒಗ್ಗುತ್ತದೆ.

ಮೊದಲೇ ನಿಲ್ಲಿಸಬೇಕಾದ ಗೋಡೆಗಳು

ತೂತಿನ ಸುತ್ತ ಬಿಳಿ ನವಿರಾದ ಉಪ್ಪು ಎದ್ದಿದ್ದರೆ ಅಥವಾ ಕೆದಕಿದಷ್ಟೂ ಒದ್ದೆ ಪುಡಿ ಬರುತ್ತಿದ್ದರೆ ಅಲ್ಲಿಗೆ ಪುಟ್ಟಿ ತರಬೇಡಿ. ನೀರು ಎಲ್ಲಿಂದ ಬರುತ್ತಿದೆ ಎಂದು ಕಂಡು ಅದನ್ನು ನಿಲ್ಲಿಸಿ, ಗೋಡೆ ಒಣಗುವ ತನಕ ಕಾಯಬೇಕು. ಒಳಗಿನ ನೀರು ಉಪ್ಪನ್ನು ಹೊತ್ತು ತಂದು ಯಾವ ಪುಟ್ಟಿಯನ್ನಾದರೂ ಹೊರಕ್ಕೆ ದೂಡುತ್ತದೆ.

ಜಿಪ್ಸಮ್ ಬೋರ್ಡಿನ ಗೋಡೆಯಲ್ಲಿ ಕ್ರಮ ಬೇರೆ. ಬಾಯಿ ಸುತ್ತ ಹರಿದ ಕಾಗದವನ್ನು ಎಳೆಯದೆ ಬ್ಲೇಡಿನಿಂದ ಕೊಯ್ಯಿರಿ. ಒಳಗಿನ ಕಂದು ಕಾಗದ ಹೊರಬಿದ್ದಿದ್ದರೆ ಪುಟ್ಟಿಯ ನೀರು ಕುಡಿದು ಗುಳ್ಳೆ ಏಳುತ್ತದೆ, ಆದ್ದರಿಂದ ಮೊದಲು ಎಣ್ಣೆ ಆಧಾರದ ಪ್ರೈಮರ್ ಹಚ್ಚಿ ಒಣಗಿಸಿ. ನೀರು ಚಿಮುಕಿಸುವುದು ಬೇಡವೇ ಬೇಡ. ಬೋರ್ಡಿನ ಹಿಂದೆ ಟೊಳ್ಳು. ಒತ್ತಿದ ಮಾಲಿಗೆ ಆಧಾರವಿಲ್ಲ. 12 ಮಿಲಿಮೀಟರ್ ದಾಟಿದ ತೂತಿಗೆ ಅಂಟು ಜಾಲರಿ ಟೇಪ್ ಹಾಕಿ ಅದರ ಮೇಲೆ ತೆಳು ಪದರಗಳಲ್ಲಿ ಜಾಯಿಂಟ್ ಕಾಂಪೌಂಡ್ (ಬೋರ್ಡಿನ ಸಂದು ಮುಚ್ಚುವ ಲೇಪ) ಎಳೆಯಬೇಕು.

ಬಣ್ಣ ಒಣಗಿದ ಮೇಲೆ ಪಟ ತೂಗುಹಾಕಲು ಹಳೆಯ ಜಾಗವೇ ಬೇಕೆನಿಸಿದರೂ ಮುಚ್ಚಿದ ತೂತಿಗೆ ಮೊಳೆ ಹೊಡೆಯಬೇಡಿ. ಪುಟ್ಟಿ ಭಾರ ಹೊರುವ ವಸ್ತುವಲ್ಲ, ಒಂದೇ ಏಟಿಗೆ ಪದರ ಸಿಡಿಯುತ್ತದೆ. ಎರಡು ಬೆರಳು ಪಕ್ಕಕ್ಕೆ ಸರಿದು, ಗುರುತಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಟೇಪಿನ ಮೂಲಕವೇ 6 ಮಿ.ಮೀ ಬಿಟ್‌ನಲ್ಲಿ ಕೊರೆದು ಪ್ಲಗ್ ಕೂರಿಸಿದರೆ ಹೊಸ ಬಣ್ಣದ ಅಂಚು ಚಕ್ಕೆ ಏಳುವುದಿಲ್ಲ.